ಅಂಟಾರ್ಕ್ಟಿಕಾ ಹಡಗು ಹತ್ತುವವರಿಗೆ

ಅರವತ್ತಾರನೇ ವಯಸ್ಸಿನಲ್ಲಿ, ಮಂಡಿನೋವಿನ ಸಮೇತ ಅಂಟಾರ್ಕ್ಟಿಕಾ ನೋಡಿ ಬಂದವಳು ನಾನು. ಈಗ ನೆಂಟರಿಷ್ಟರಲ್ಲಿ ಯಾರೇ ಹೊರಟರೂ ಫೋನ್ ನನಗೇ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

• ಹಡಗು ಆರಿಸುವಾಗ ಈಜುಕೊಳ ಇದೆಯೇ ಅಂತಲ್ಲ, ಎಷ್ಟು ಜನ ಹಿಡಿಯುತ್ತಾರೆ ಅಂತ ಕೇಳಿ. ಒಂದು ಜಾಗದಲ್ಲಿ ಒಮ್ಮೆಗೆ 100 ಪ್ರಯಾಣಿಕರಷ್ಟೇ ದಡದಲ್ಲಿರಬಹುದು. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನವರು ಇಳಿಯುವಂತೆಯೇ ಇಲ್ಲ, ದೂರದಿಂದಲೇ ನೋಡಿ ಬರಬೇಕು. ದುಡ್ಡು ಉಳಿಸುವುದಿದ್ದರೆ ಬಾಲ್ಕನಿಯಲ್ಲಿ ಉಳಿಸಿ. ಕೆಳಗಿನ ಅಂತಸ್ತಿನ ನಡುಭಾಗದ ಕೋಣೆ ಅಗ್ಗ, ಅಲುಗಾಟವೂ ಕಡಿಮೆ.

• ಹೆಚ್ಚಿನ ಹಡಗುಗಳು ಹೊರಡುವುದು ಅರ್ಜೆಂಟೀನಾದ ತುತ್ತತುದಿಯ ಉಶುವಾಯಾದಿಂದ. ಎರಡು ದಿನ ಮೊದಲೇ ಅಲ್ಲಿರಿ, ಹಡಗು ಯಾರಿಗೂ ಕಾಯುವುದಿಲ್ಲ. ಮಾತ್ರೆ, ಥರ್ಮಲ್ ಉಡುಪು ಕೈಚೀಲದಲ್ಲೇ ಇರಲಿ.

• ಆಮೇಲೆ ಎರಡು ದಿನ ಡ್ರೇಕ್ ಜಲಸಂಧಿ. ಆ ಅಕ್ಷಾಂಶದಲ್ಲಿ ಗಾಳಿಗೆ ಅಡ್ಡವಾಗಿ ನೆಲವೇ ಇಲ್ಲ. ಭೂಮಿಯನ್ನೇ ಸುತ್ತಿ ಬಂದು ಅಪ್ಪಳಿಸುತ್ತದೆ. ವಾಂತಿಯ ಮಾತ್ರೆಯನ್ನು ಹೊಟ್ಟೆ ತೊಳಸಿದ ಮೇಲಲ್ಲ, ಹಡಗು ಉಶುವಾಯಾ ಎದುರಿನ ಬೀಗಲ್ ಕಾಲುವೆಯಲ್ಲಿರುವಾಗಲೇ ನುಂಗಿ. ಯಾವ ಮಾತ್ರೆ ಅಂತ ಊರಲ್ಲೇ ಡಾಕ್ಟರನ್ನು ಕೇಳಿಕೊಳ್ಳಿ. ಖಾಲಿ ಹೊಟ್ಟೆ ಬೇಡ. ನಡೆಯುವಾಗ ಒಂದು ಕೈ ಸದಾ ಕಂಬಿಯ ಮೇಲಿರಲಿ, ಬಾಗಿಲ ಚೌಕಟ್ಟಿನ ಮೇಲೆ ಮಾತ್ರ ಬೇಡ. ಎರಡನೇ ರಾತ್ರಿ ಬಚ್ಚಲಿಗೆಂದು ಎದ್ದವಳು ಚೌಕಟ್ಟು ಹಿಡಿದೆ. ಹಡಗು ವಾಲಿತು, ಬಾಗಿಲು ಬಂದು ಬಡಿಯಿತು. ನನ್ನ ಕಿರುಬೆರಳಿನ ಉಗುರು ಇವತ್ತಿಗೂ ಸೊಟ್ಟ.

• ಚಳಿಗೆ ಅಷ್ಟೊಂದು ಹೆದರಬೇಡಿ. ಜನವರಿಯಲ್ಲಿ ಅಲ್ಲಿಯ ಕರಾವಳಿ ಸೊನ್ನೆ ಡಿಗ್ರಿಯ ಆಸುಪಾಸು. ಕಾಡುವುದು ಗಾಳಿ ಮತ್ತು ಒದ್ದೆ. ಹತ್ತಿ ಬನಿಯನ್ ಬೆವರು ಹೀರಿ ಮೈಗಂಟಿ ನಡುಗಿಸುತ್ತದೆ, ಉಣ್ಣೆಯದು ತೊಡಿ. ನೀರಿಳಿಯದ ಪ್ಯಾಂಟು ಬೂಟಿನ ಹೊರಗಿರಲಿ, ಒಳಗೆ ತುರುಕಿದರೆ ಅಲೆ ನೇರ ಬೂಟಿಗೇ ಇಳಿಯುತ್ತದೆ. ಬೂಟು, ಜಾಕೆಟ್ ಎಷ್ಟೋ ಹಡಗಿನವರೇ ಕೊಡುತ್ತಾರೆ. ಕೇಳದೆ ಕೊಳ್ಳಬೇಡಿ.

• ದಡಕ್ಕೆ ಒಯ್ಯುವುದು ರಬ್ಬರ್ ದೋಣಿ. ಹತ್ತಿಸುವವರ ಅಂಗೈ ಹಿಡಿದರೆ ಜಾರುತ್ತದೆ, ಮುಂಗೈಯನ್ನೇ ಹಿಡಿಯಿರಿ. ಮೊಬೈಲು ಜೇಬಿಗೆ. ದೋಣಿ ಹತ್ತಿಳಿಯಲು ಕಾಲಿಗೆ ಬಲ ಬೇಕು, ಹೊರಡುವ ಮೂರು ತಿಂಗಳ ಮೊದಲೇ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ.

• ದಡದಲ್ಲಿ ತಿನ್ನುವಂತಿಲ್ಲ, ಶೌಚಕ್ಕೂ ಜಾಗವಿಲ್ಲ. ಎಲ್ಲ ಮುಗಿಸಿಯೇ ಇಳಿಯಿರಿ. ಹಕ್ಕಿಜ್ವರದ ಭಯದಿಂದ ಈಗ ನೆಲಕ್ಕೆ ಕೂರುವಂತೆಯೂ ಇಲ್ಲ, ಚೀಲ ಇಡುವಂತೆಯೂ ಇಲ್ಲ. ಇಳಿಯುವ ಮೊದಲು ಬಟ್ಟೆಬರೆಯೆಲ್ಲ ತಪಾಸಣೆ. ನನ್ನ ಚೀಲದ ವೆಲ್ಕ್ರೋದಿಂದ ತಪಾಸಣೆಯ ಹುಡುಗಿ ಚಿಮಟದಲ್ಲಿ ಕಿತ್ತು ತೆಗೆದದ್ದು ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಹುಲ್ಲುಬೀಜ! ನಾಚಿಕೆಯಾಯಿತು. ನೀವು ಮನೆಯಲ್ಲೇ ಕೊಡವಿಕೊಳ್ಳಿ.

• ಪೆಂಗ್ವಿನ್‌ನಿಂದ 5 ಮೀಟರ್ ದೂರ. ಅದೇ ಹತ್ತಿರ ಬಂದರೆ ಅಲುಗಾಡದೆ ನಿಲ್ಲಿ, ದಾರಿ ಅದರದ್ದು. ಒಂದು ಜೆಂಟೂ ಪೆಂಗ್ವಿನ್ ಗೂಡಿಗೆಂದು ಕೊಕ್ಕಿನಲ್ಲಿ ಕಲ್ಲು ಕಚ್ಚಿಕೊಂಡು ಬಂದು ನನ್ನೆದುರು ನಿಂತುಬಿಟ್ಟಿತು. ಕಲ್ಲು ಕೆಳಗಿಟ್ಟಿತು, ಎತ್ತಿಕೊಂಡಿತು, ಮತ್ತೆ ಇಟ್ಟಿತು. ಹತ್ತು ನಿಮಿಷ. ಫೋಟೊ ತೆಗೆಯುವುದೂ ಮರೆತುಹೋಯಿತು. ನಾತವನ್ನು ಮಾತ್ರ ಮರೆಯಲಾರೆ. ಆ ಜಾಕೆಟ್ಟನ್ನು ಮೂರು ಸಲ ಒಗೆದಿದ್ದೇನೆ.

• ಕಾಯಿಲೆ ಬಿದ್ದರೆ ತುರ್ತಾಗಿ ಸಾಗಿಸುವ ಖರ್ಚೂ ಸೇರಿದ ವಿಮೆ ಮಾಡಿಸಿ. ಇದರಲ್ಲಿ ಜಿಪುಣತನ ಬೇಡ.

• ಗಾಳಿ ತಿರುಗಿದರೆ ಕಾರ್ಯಕ್ರಮವೇ ತಿರುಗುತ್ತದೆ. ಪಟ್ಟಿ ಹಿಡಿದು ಗುರುತು ಹಾಕಿಕೊಳ್ಳುವವರು ಯೂರೋಪಿಗೆ ಹೋಗಲಿ.

• ಪೋರ್ಟ್ ಲಾಕ್ರಾಯ್‌ನಲ್ಲಿ ಇಳಿಸಿದರೆ ಅದೃಷ್ಟ. 1944ರ ಬ್ರಿಟಿಷ್ ನೆಲೆಯಲ್ಲಿ ಈಗ ಅಂಚೆ ಕಚೇರಿ ಇದೆ. ನಿಮ್ಮ ಮನೆಗೇ ಒಂದು ಕಾರ್ಡು ಹಾಕಿ. ನನ್ನದು ಮೈಸೂರು ಸೇರಿದ್ದು ನಾನು ಬಂದು ಎರಡೂವರೆ ತಿಂಗಳಾದ ಮೇಲೆ.