ಕಪಾಟಿನೊಳಗೆ ಮೂರು ಚಿತ್ರಗಳು

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರದವಳು, ಕನ್ನಡ ಶಾಲೆಯಿಂದ ನಿವೃತ್ತಳಾದ ಟೀಚರ್. ನನ್ನದೇ ಉಳಿತಾಯದಿಂದ ಕಲಾವಿದ ಕೆ.ಜಿ. ಸುಬ್ರಮಣ್ಯನ್ ಅವರ ಮೂರು ಎಚ್ಚಿಂಗ್‌ಗಳನ್ನು ಕೊಂಡಿದ್ದೇನೆ. ಯಜಮಾನರಿಗೆ ಹೇಳಿರಲಿಲ್ಲ. ಮೊನ್ನೆ ಮಗ ಒಂದನ್ನು ಫ್ರೇಮ್ ಹಾಕಿಸಲು ಕೊಂಡುಹೋದ. "ಇದು ಪ್ರಿಂಟ್, ಒರಿಜಿನಲ್ ಅಲ್ಲ, ಇಂಥದ್ದು ಇಪ್ಪತ್ತೈದು ಉಂಟು" ಎಂದರಂತೆ ಅಂಗಡಿಯವರು. ಅಂದಿನಿಂದ ನಿದ್ದೆ ಇಲ್ಲ. ಮೋಸ ಹೋದೆನೇ? ಚಿತ್ರಗಳನ್ನು ಪುನಃ ಸೀರೆಯ ಅಡಿಯಲ್ಲಿ ಇಟ್ಟಿದ್ದೇನೆ.

ಉತ್ತರ: ಪ್ರಿಯ ಟೀಚರ್, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದುಡ್ಡು ಹೋಯಿತೆನ್ನುವುದಕ್ಕಿಂತ, ಇಷ್ಟಪಟ್ಟು ಮಾಡಿದ ಒಂದು ಕೆಲಸವನ್ನು ಮಗನ ಎದುರು ಬೇರೆಯವರು ಹಗುರ ಮಾಡಿಬಿಟ್ಟರಲ್ಲ, ಆ ನೋವೇ ಅದರಲ್ಲಿ ಹೆಚ್ಚು ಕಂಡಿತು. ವರ್ಷಗಟ್ಟಲೆ ಎಲ್ಲರ ಬೇಕು ಬೇಡ ನೋಡಿದವರು ತಮಗೆಂದು ಏನನ್ನಾದರೂ ಕೊಂಡಾಗ ಇಂಥ ಅಳುಕು ಬರುತ್ತದೆ. ಪುಸ್ತಕಕ್ಕೋ ವೀಣೆಗೋ ದುಡ್ಡು ಹಾಕಿ, ಮನೆಯಲ್ಲಿ ಬೆಲೆ ಕಡಿಮೆ ಮಾಡಿ ಹೇಳಿದ ಎಷ್ಟೋ ಮಂದಿ ನನಗೆ ಬರೆದಿದ್ದಾರೆ.

ಅಂಗಡಿಯವರು ಕೆಟ್ಟ ಮನಸ್ಸಿನಿಂದ ಹೇಳಿರಲಾರರು. ನಮ್ಮ ಚಾವಡಿಗಳ ಗೋಡೆಯಲ್ಲಿ ರವಿವರ್ಮನ ಲಕ್ಷ್ಮಿ, ಸರಸ್ವತಿ ಇರುತ್ತಿದ್ದರಲ್ಲ, ನಮಗೆಲ್ಲ 'ಪ್ರಿಂಟ್' ಎಂದರೆ ಅದೇ. ಅಲ್ಲಿ ಮೊದಲು ತೈಲಚಿತ್ರ, ಆಮೇಲೆ ಅದನ್ನು ನೋಡಿ ಅಚ್ಚು. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಅವನ ಪ್ರೆಸ್ಸು ಮಾಡಿದ್ದು ಹಾಗೆ. ಎಚ್ಚಿಂಗ್‌ಗೆ ಅಂಥ 'ಮೊದಲಿನ ಚಿತ್ರ' ಬೇರೆಲ್ಲೂ ಇಲ್ಲ. ಕಲಾವಿದರು ಸತುವಿನ ಅಥವಾ ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಅದರ ಮೇಲೆ ಗೀರುತ್ತಾರೆ. ಆಸಿಡ್‌ನಲ್ಲಿ ಮುಳುಗಿಸಿದಾಗ ಗೀರಿದಲ್ಲಿ ಮಾತ್ರ ಲೋಹ ಕೊರೆದುಹೋಗುತ್ತದೆ. ಆ ಗೆರೆಗಳೊಳಗೆ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಮಾಡಿದ ಕಾಗದವನ್ನಿಟ್ಟು ಪ್ರೆಸ್ಸಿನಡಿ ಹಾಯಿಸಿದಾಗ ಚಿತ್ರ ಮೂಡುತ್ತದೆ. ಮುಂದಿನ ಹಾಳೆಗೆ ಪುನಃ ಶಾಯಿ ತುಂಬಬೇಕು, ಪುನಃ ಒರೆಸಬೇಕು. ಇಪ್ಪತ್ತೈದು ಇದ್ದರೆ ಇಪ್ಪತ್ತೈದೂ ಒರಿಜಿನಲ್ಲೇ.

ಒಂದು ಕೆಲಸ ಮಾಡಿ. ಕೈ ತೊಳೆದು ಒರೆಸಿಕೊಂಡು, ಒಂದು ಚಿತ್ರವನ್ನು ಬೆಳಗ್ಗೆ ಜಗಲಿಯಲ್ಲಿ ಓರೆ ಬೆಳಕಿಗೆ ಹಿಡಿಯಿರಿ. ಚಿತ್ರದ ಸುತ್ತ ಕಾಗದ ಚೌಕವಾಗಿ ತುಸು ತಗ್ಗಿದೆಯೇ? ಅದು ತಗಡು ಒತ್ತಿದ ಗುರುತು. ಕೆಳಗೆ ಪೆನ್ಸಿಲಿನಲ್ಲಿ 7/25 ಎಂಬಂಥ ಸಂಖ್ಯೆ, ಸಹಿ ಇದೆಯೇ? ಇಪ್ಪತ್ತೈದರಲ್ಲಿ ಏಳನೆಯದು ಎಂದರ್ಥ. ಅಂಕೆ ಚಿಕ್ಕದಾದರೆ ಬೆಲೆ ಹೆಚ್ಚು ಎಂದೇನಿಲ್ಲ. ಭೂತಗನ್ನಡಿಯಲ್ಲಿ ನೋಡಿದಾಗ ಪತ್ರಿಕೆಯ ಫೋಟೋದ ಹಾಗೆ ಚುಕ್ಕಿ ಚುಕ್ಕಿ ಕಂಡರೆ ಮಾತ್ರ ಸಂಶಯಪಡಿ.

ಬೆಲೆಯ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ದೊಡ್ಡ ಕಲಾವಿದರದ್ದಾದರೂ ಎಚ್ಚಿಂಗ್‌ಗೆ ಪೇಂಟಿಂಗಿನ ಬೆಲೆ ಬರುವುದಿಲ್ಲ. ಮಾರಲು ಹೋದರೆ ಕೊಟ್ಟಷ್ಟು ಸಿಗದಿರಲೂಬಹುದು. ಎಷ್ಟು ಹಾಳೆ ಅಚ್ಚಾಗಿದೆ, ಕಾಗದ ಹೇಗಿದೆ, ಕೊಂಡ ರಶೀದಿ ಉಂಟೇ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ರಶೀದಿ ಹುಡುಕಿ ತೆಗೆದಿಡಿ. ಎದುರು, ಹಿಂಬದಿ, ಸಹಿ, ಮೂರರ ಫೋಟೋ ತೆಗೆದು ಕನಿಷ್ಠ ಇಬ್ಬರು ತಿಳಿದವರಿಗೆ ಕಳಿಸಿ. ಸ್ಯಾಫ್ರನ್‌ಆರ್ಟ್‌ನಂಥ ಹರಾಜು ಸಂಸ್ಥೆಗಳ ಹಿಂದಿನ ಮಾರಾಟದ ದರಗಳೂ ನೋಡಲು ಸಿಗುತ್ತವೆ. ಮನೆಗೆ ಬಂದು "ಈಗಲೇ ಕೊಡಿ" ಎನ್ನುವವರಿಗೆ ಕೊಡಬೇಡಿ.

ಇನ್ನು, ನೀವು ಯಾರದ್ದನ್ನು ಕೊಂಡಿದ್ದೀರಿ ಎಂದು ನೋಡಿ. ಸುಬ್ರಮಣ್ಯನ್ 1924ರಲ್ಲಿ ಕೂತುಪರಂಬದಲ್ಲಿ ಹುಟ್ಟಿ ಮಾಹೆಯಲ್ಲಿ ಬೆಳೆದವರು, ನಮಗೆ ನೆರೆಕರೆಯವರೇ. ವಿದ್ಯಾರ್ಥಿಯಾಗಿದ್ದಾಗ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದರು, ಆಮೇಲೆ ಶಾಂತಿನಿಕೇತನ ಸೇರಿದರು. ಬರೋಡದ ಲಲಿತಕಲಾ ವಿಭಾಗದಲ್ಲಿ ಮೇಷ್ಟ್ರಾಗಿದ್ದಾಗ ಅಲ್ಲಿನ ಮೇಳಗಳಿಗೆಂದು ತಾವೇ ಕೂತು ಮರದ ಆಟಿಕೆ ಮಾಡಿದವರು. ಸಾಮಾನ್ಯರ ಕೈಗೂ ಕಲೆ ಸಿಗಬೇಕೆಂದು ಬಯಸಿದವರ ಚಿತ್ರ ಶಾಲಾ ಟೀಚರೊಬ್ಬರ ಮನೆಗೆ ಬಂದಿರುವುದು ನನಗಂತೂ ತುಂಬ ಸಂತೋಷ ಕೊಟ್ಟಿತು.

ಯಜಮಾನರಿಗೆ ಹೇಳಿಬಿಡಿ. ತಪ್ಪೊಪ್ಪಿಗೆಯ ಧಾಟಿ ಬೇಡ. ಊಟ ಮುಗಿದು ಇಬ್ಬರೇ ಇರುವಾಗ ಒಂದು ಚಿತ್ರವನ್ನು ಎದುರಿಟ್ಟು, "ಇದನ್ನು ಕೊಂಡಿದ್ದೆ, ನಿಮಗೆ ಹೇಳಲು ಹೆದರಿದೆ" ಎನ್ನಿ. ಬೆಲೆ ಕೇಳಿದರೆ ಸರಿಯಾದದ್ದನ್ನೇ ಹೇಳಿ. ಮೊದಲು ಸಿಟ್ಟು ಬಂದೀತು. ಅದು ದುಡ್ಡಿನ ಸಿಟ್ಟೋ, ತನಗೆ ಹೇಳಲಿಲ್ಲವೆಂಬ ಬೇಸರವೋ ಎಂದು ಸಮಾಧಾನದಿಂದ ಕೇಳಿಸಿಕೊಳ್ಳಿ. ಇನ್ನು ಮುಂದೆ ಇಂತಿಷ್ಟರ ಮೇಲೆ ಕೊಳ್ಳುವಾಗ ಇಬ್ಬರೂ ಮಾತಾಡಿಕೊಳ್ಳೋಣ ಎಂದು ನೀವೇ ಹೇಳಬಹುದು. ನಿದ್ದೆ ಎರಡು ವಾರವಾದರೂ ಸರಿಯಾಗದಿದ್ದರೆ ವೈದ್ಯರನ್ನು ಕಾಣಿ, ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ; ಅದಕ್ಕೆ ದುಡ್ಡಿಲ್ಲ.

ಸೀರೆಯ ಅಡಿ ಮಾತ್ರ ಬೇಡ. ನಮ್ಮ ಆಟಿ ತಿಂಗಳ ಮಳೆಯ ತೇವಕ್ಕೆ ಬೂಷ್ಟು ಹಿಡಿದು ಕಾಗದದಲ್ಲಿ ಕಂದು ಕಲೆ ಏಳುತ್ತದೆ. ಲ್ಯಾಮಿನೇಷನ್, ಸೆಲೋಟೇಪು ಬೇಡವೇ ಬೇಡ. ಆಸಿಡ್ ಇಲ್ಲದ ಮೌಂಟ್ ಬೋರ್ಡ್ ಕೇಳಿ ಹಾಕಿಸಿ, ಗಾಜು ಚಿತ್ರಕ್ಕೆ ತಾಗಬಾರದು. ಈಗಾಗಲೇ ಕಲೆ ಬಂದಿದ್ದರೆ ನೀವಾಗಿ ಉಜ್ಜಬೇಡಿ, ಕಾಗದ ಸಂರಕ್ಷಣೆ ಬಲ್ಲವರಿಗೇ ತೋರಿಸಿ. ಮಳೆ ಹೊಡೆಯದ ಒಳಗೋಡೆಯೊಂದನ್ನು ಮಗನ ಹತ್ತಿರವೇ ಆರಿಸಲು ಹೇಳಿ, ಮೊಳೆಯನ್ನೂ ಅವನೇ ಹೊಡೆಯಲಿ.