ಕಡಲ ಕುದುರೆಯ ಹಗಲಿರುಳು

ಕುದುರೆಯ ಮುಖ, ಕೋತಿಯ ಬಾಲ, ಕಾಂಗರೂವಿನ ಚೀಲ – ಇವು ಮೂರೂ ಒಂದೇ ಜೀವಿಯಲ್ಲಿ ಕೂಡಿವೆಯೆಂದರೆ ಕೇಳಿದವರು ಅದನ್ನು ಕಟ್ಟುಕಥೆಯೆಂದು ನಗಬಹುದು. ಆದರೆ ಅಂಥ ಜೀವಿ ಕಡಲಿನಲ್ಲಿ ನಿಜವಾಗಿಯೂ ಇದೆ. ಅದೇ ಕಡಲ ಕುದುರೆ. ಹೆಸರು ಕುದುರೆಯಾದರೂ ಇದು ಮೀನಿನ ಜಾತಿಗೆ ಸೇರಿದುದು. ಬೆನ್ನಿನ ಪುಟ್ಟ ಈಜುರೆಕ್ಕೆಯನ್ನು ಸೆಕೆಂಡಿಗೆ ಸುಮಾರು ೩೫ ಬಾರಿ ಬಡಿಯುತ್ತ, ನೆಟ್ಟಗೆ ನಿಂತೇ ಈಜುತ್ತದೆ. ಇಷ್ಟಾದರೂ ಅದರ ನಡೆ ಬಹಳ ನಿಧಾನ. ಆದುದರಿಂದ ಬಾಲವನ್ನು ಕಡಲಹುಲ್ಲಿಗೋ ಹವಳದ ಕೊಂಬೆಗೋ ಸುತ್ತಿಕೊಂಡು ಹೆಚ್ಚು ಕಾಲವನ್ನು ಒಂದೇ ಎಡೆಯಲ್ಲಿ ಕಳೆಯುತ್ತದೆ.

ಕೆಲವು ದೇಶಗಳಲ್ಲಿ, ಸಾಕಣೆಯಲ್ಲೇ ಹುಟ್ಟಿ ಬೆಳೆದ ಕಡಲ ಕುದುರೆಗಳನ್ನು ಮನೆಯ ಗಾಜಿನ ತೊಟ್ಟಿಗಳಲ್ಲಿ ಇಟ್ಟುಕೊಳ್ಳುವುದುಂಟು. ಅವನ್ನು ಮೊದಲ ಬಾರಿ ನೋಡಿದವರಿಗೆ ಇದೊಂದು ಸೋಮಾರಿ ಪ್ರಾಣಿಯೆನಿಸುತ್ತದೆ. ಆದರೆ ಈ ನಿಶ್ಚಲತೆಯ ಹಿಂದೆ ಒಂದು ಕ್ರಮಬದ್ಧವಾದ ದಿನಚರಿಯಿದೆ.

ಆ ದಿನಚರಿಯನ್ನು ಕಂಡುಕೊಳ್ಳಲು ವಿಜ್ಞಾನಿಗಳು ಕಡಲಿಗೇ ಇಳಿದರು. ಆಸ್ಟ್ರೇಲಿಯದ ಸಿಡ್ನಿ ನಗರದ ಬಳಿ ಅಮಾಂಡಾ ವಿನ್ಸೆಂಟ್ ಮತ್ತು ಲೈಲಾ ಸ್ಯಾಡ್ಲರ್ ಎಂಬವರು ಒಂದು ಜಾತಿಯ ಕಡಲ ಕುದುರೆಗಳನ್ನು ನೀರಿನಡಿಯಲ್ಲಿ ಗಮನಿಸಿ, ೧೯೯೫ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಬೆಳಗಾಗುತ್ತಲೇ ಹೆಣ್ಣು ತನ್ನ ಜೊತೆಗಾರನಿರುವ ತಾಣಕ್ಕೆ ಬರುತ್ತದೆ. ಎರಡರ ಮೈಬಣ್ಣವೂ ತಿಳಿಯಾಗಿ ಹೊಳೆಯುತ್ತದೆ. ಒಂದೇ ಹುಲ್ಲುಗರಿಯನ್ನು ಹಿಡಿದು ಎರಡೂ ಕೆಲವು ನಿಮಿಷ ಸುತ್ತಾಡುತ್ತವೆ, ಅನಂತರ ಅಗಲುತ್ತವೆ. ಮರುದಿನ ಬೆಳಗ್ಗೆ ಮತ್ತೆ ಇದೇ ಭೇಟಿ. ಹೆಣ್ಣು ಮೊಟ್ಟೆಗಳನ್ನು ಗಂಡಿನ ಚೀಲದೊಳಗೆ ಇಡುತ್ತದೆ. ಹೊತ್ತು ಹೆರುವುದು ಗಂಡಿನ ಪಾಲಿನ ಕೆಲಸ. ಗಂಡಿನ ಚೀಲ ಬರಿದಾಗುವ ವೇಳೆಗೆ ಹೆಣ್ಣಿನ ಮೊಟ್ಟೆಗಳು ಸಿದ್ಧವಾಗಿರಲು ಈ ನಿತ್ಯದ ಭೇಟಿ ನೆರವಾಗುತ್ತದೆಂದು ತಿಳಿದವರು ಹೇಳುತ್ತಾರೆ.

ಭೇಟಿ ಮುಗಿದ ಮೇಲೆ ಉದರಭರಣದ ಚಿಂತೆ. ಕಡಲ ಕುದುರೆಗೆ ಹಲ್ಲಿಲ್ಲ, ಜಠರವೂ ಇಲ್ಲ. ನುಂಗಿದ ಆಹಾರ ಹೊಟ್ಟೆಯಲ್ಲಿ ನಿಲ್ಲದೆ ಬೇಗನೆ ಸಾಗಿಹೋಗುವುದರಿಂದ ಅದು ಮತ್ತೆ ಮತ್ತೆ ತಿನ್ನಬೇಕು. ಎರಡು ಕಣ್ಣುಗಳನ್ನೂ ಬೇರೆ ಬೇರೆ ದಿಕ್ಕಿಗೆ ಹೊರಳಿಸಿ ಸಣ್ಣ ಸಿಗಡಿಯಂಥ ಜೀವಿಗಳನ್ನು ಹುಡುಕುತ್ತದೆ. ಹತ್ತಿರ ಬಂದೊಡನೆ ಕೊಳವೆಯಂಥ ಮೂತಿಯಿಂದ ಹೀರಿಬಿಡುತ್ತದೆ. ಹೀಗೆ ಕಣ್ಣನ್ನೇ ನಂಬಿ ಬೇಟೆಯಾಡುವ ಜೀವಿಗೆ ಬೆಳಕು ಬೇಕೇಬೇಕು. ಕತ್ತಲಾದ ಮೇಲೆ ಬಾಲವನ್ನು ಆಸರೆಗೆ ಬಿಗಿದುಕೊಂಡು ಸುಮ್ಮನಾಗುತ್ತದೆ. ರೆಪ್ಪೆಗಳಿಲ್ಲದ ಕಾರಣ ವಿಶ್ರಾಂತಿಯಲ್ಲಿಯೂ ಅದರ ಕಣ್ಣು ತೆರೆದೇ ಇರುತ್ತದೆ.

ಎಲ್ಲ ಜಾತಿಗಳ ರೀತಿಯೂ ಒಂದೇ ಎನ್ನುವಂತಿಲ್ಲ. ಫಿಲಿಪ್ಪೀನ್ಸಿನ ಹುಲಿಬಾಲದ ಕಡಲ ಕುದುರೆ ಹಗಲೆಲ್ಲ ಹವಳದ ಸಂದಿನಲ್ಲಿ ಅಡಗಿದ್ದು ಇರುಳಿನಲ್ಲಿ ಹೊರಬರುತ್ತದೆ. ಅಲ್ಲಿನ ಬೆಸ್ತರು ಅದನ್ನು ಹಿಡಿಯಲು ರಾತ್ರಿ ಲಾಂದ್ರಗಳೊಡನೆ ಹೋಗುತ್ತಿದ್ದುದಕ್ಕೆ ಇದೇ ಕಾರಣ.

ಕಡಲಿನಲ್ಲಿ ಹಗಲಿರುಳನ್ನು ನಡೆಸುವವನು ಸೂರ್ಯ. ಗಾಜಿನ ತೊಟ್ಟಿಯಲ್ಲಿ ಆ ಹೊಣೆ ಮನುಷ್ಯನದು. ನೆಂಟರಿಗೆ ತೋರಿಸಲೆಂದು ನಡುರಾತ್ರಿಯಲ್ಲಿ ದೀಪ ಹಾಕಿದರೆ ಆ ಮೂಕಜೀವಿ ಬೆದರುತ್ತದೆ. ಆದುದರಿಂದ ಬಲ್ಲ ಸಾಕಣೆಗಾರನು ದೀಪವನ್ನು ದಿನವೂ ಗೊತ್ತಾದ ಹೊತ್ತಿಗೆ ಹೊತ್ತಿಸಿ, ಗೊತ್ತಾದ ಹೊತ್ತಿಗೆ ಆರಿಸುತ್ತಾನೆ. ಬೆಳಗ್ಗೆ ಮೊದಲು ಕೋಣೆಯ ಕಿಟಕಿ ತೆರೆದು, ತೊಟ್ಟಿಯ ದೀಪವನ್ನು ಅನಂತರ ಹೊತ್ತಿಸುತ್ತಾನೆ. ಬೆಳಕಿರುವಾಗಲೇ ಹಲವು ಬಾರಿ ಸ್ವಲ್ಪ ಸ್ವಲ್ಪ ಆಹಾರ ಕೊಡುತ್ತಾನೆ. ಬಾಲಕ್ಕೆ ಆಸರೆ ಒದಗಿಸುತ್ತಾನೆ.

ಇಷ್ಟೆಲ್ಲ ಮಾಡಿದರೂ ಕಡಲಿನಿಂದ ಕಿತ್ತು ತಂದ ಜೀವಿಗೆ ಕಡಲನ್ನು ಮರಳಿ ಕೊಡಲಾಗದು. ಜೋಡಿಯಲ್ಲಿ ಒಂದನ್ನು ಹಿಡಿದೊಯ್ದರೆ ಆ ಬೆಳಗಿನ ಭೇಟಿ ಅಲ್ಲಿಗೇ ನಿಲ್ಲುತ್ತದೆ. ಉಳಿದುದಕ್ಕೆ ಹೊಸ ಜೊತೆ ದೊರೆಯುವವರೆಗೆ ಸಂತಾನವೂ ಇಲ್ಲ. ಔಷಧಕ್ಕಾಗಿ, ಅಲಂಕಾರಕ್ಕಾಗಿ ಹಿಡಿಯಲ್ಪಟ್ಟವು ಅಸಂಖ್ಯ. ಇತರ ಮೀನಿಗೆಂದು ಬೀಸಿದ ಬಲೆಗೆ ಬಿದ್ದು ಸತ್ತವೂ ಅಸಂಖ್ಯ. ಈ ಕಾರಣದಿಂದಲೇ ನಮ್ಮ ದೇಶವು ೨೦೦೧ರಲ್ಲಿ ಕಡಲ ಕುದುರೆಯನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿತು. ಹುಲಿ, ಆನೆಗಳಿಗೆ ದೊರೆತ ರಕ್ಷಣೆಯೇ ಬೆರಳುದ್ದದ ಈ ಮೀನಿಗೂ ದೊರೆಯಿತು. ನಮ್ಮ ಕಡಲಿನಲ್ಲಿ ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ.

ಪ್ರತಿಯೊಂದು ಜೀವಿಗೂ ತನ್ನದೇ ಆದ ಬೆಳಗಿದೆ, ತನ್ನದೇ ಆದ ಇರುಳಿದೆ. ಅದನ್ನು ಅರಿತು ನಡೆಯುವುದೇ ನಿಜವಾದ ಪ್ರಾಣಿದಯೆ.