ಔಷಧಕ್ಕೊಂದು ವಾಹನ

ರೋಗಕ್ಕೆ ಮದ್ದು ದೊರೆತ ಮಾತ್ರಕ್ಕೆ ರೋಗಿಯು ಬದುಕಿದನೆಂದು ತಿಳಿಯಲಾಗದು. ಆ ಮದ್ದು ರೋಗಾಣುವು ಅಡಗಿರುವ ಎಡೆಯನ್ನು ಮುಟ್ಟಬೇಕು. ಉಳಿದ ಅಂಗಗಳನ್ನು ನೋಯಿಸದಿರಬೇಕು. ಕಾಲಾ ಅಜಾರ್ ಎಂಬ ಜ್ವರದ ಕಥೆಯು ಇದನ್ನು ಚೆನ್ನಾಗಿ ತಿಳಿಸುತ್ತದೆ.

ಬಿಹಾರ, ಬಂಗಾಲಗಳ ಬಡವರನ್ನು ಬಹುಕಾಲ ಕಾಡಿದ ಈ ಜ್ವರವನ್ನು ಹರಡುವುದು ಮರಳುನೊಣ. ಅದು ಕಚ್ಚಿದಾಗ ಲೀಶ್ಮೇನಿಯಾ ಎಂಬ ಪರೋಪಜೀವಿಯು ಶರೀರವನ್ನು ಸೇರುತ್ತದೆ. ಇದನ್ನು 1903ರಲ್ಲಿ ಲೀಶ್ಮನ್ ಎಂಬವರೂ ಮದರಾಸಿನಲ್ಲಿದ್ದ ಡೊನೊವನ್ ಎಂಬವರೂ ಬೇರೆಬೇರೆಯಾಗಿ ವರ್ಣಿಸಿದರು. ಚಿಕಿತ್ಸೆ ದೊರೆಯದಿದ್ದರೆ ಬದುಕುವವರು ತೀರ ವಿರಳ.

ನಮ್ಮ ಶರೀರದಲ್ಲಿ ಭಕ್ಷಕ ಕೋಶಗಳೆಂಬ ಕಾವಲುಗಾರರುಂಟು. ಹೊರಗಿನಿಂದ ಬಂದುದನ್ನು ನುಂಗಿ ಜೀರ್ಣಿಸುವುದು ಅವುಗಳ ಕೆಲಸ. ಆದರೆ ಲೀಶ್ಮೇನಿಯಾ ತನ್ನನ್ನು ನುಂಗಿದ ಕೋಶದೊಳಗೇ ಬದುಕಿ ಸಂತಾನವನ್ನು ಬೆಳೆಸುತ್ತದೆ! ಗುಲ್ಮ, ಯಕೃತ್ತು, ಅಸ್ಥಿಮಜ್ಜೆಗಳೇ ಅದರ ಬೀಡು.

ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿಯವರು 1920ರ ಸುಮಾರಿಗೆ ಸಿದ್ಧಪಡಿಸಿದ ಯೂರಿಯಾ ಸ್ಟಿಬಮೀನ್ ಅಸಂಖ್ಯ ಪ್ರಾಣಗಳನ್ನುಳಿಸಿತು. ಮುಂದೆ ಬಿಹಾರದ ರೋಗಾಣುಗಳು ಆಂಟಿಮನಿಯ ಔಷಧಗಳಿಗೆ ಮಣಿಯದಾದವು. ಆಂಫೊಟೆರಿಸಿನ್-ಬಿ ಎಂಬ ಮತ್ತೊಂದು ಮದ್ದು ಅವುಗಳ ಪೊರೆಯನ್ನು ತೂತು ಮಾಡಿ ಕೊಲ್ಲುತ್ತದೆ. ಆದರೆ ಮೂತ್ರಪಿಂಡಗಳಿಗೂ ಹಾನಿ ಮಾಡುತ್ತದೆ. ದಿನ ಬಿಟ್ಟು ದಿನ 15 ಸಲ ರಕ್ತನಾಳದ ಮೂಲಕ ಕೊಡಬೇಕಾಗಿತ್ತು. ಸುಮಾರು ಒಂದು ತಿಂಗಳು ಆಸ್ಪತ್ರೆಯಲ್ಲಿದ್ದರೆ ಕೂಲಿಕಾರನ ಮನೆಯ ಒಲೆ ಉರಿಯುವುದೆಂತು?

ವಿಜ್ಞಾನಿಗಳು ಆಗ ಶತ್ರುವಿನ ದಾರಿಯನ್ನೇ ಹಿಡಿದರು. ಮದ್ದನ್ನು ಲೈಪೊಸೋಮ್ ಎಂಬ ಅತಿಸೂಕ್ಷ್ಮ ಕೊಬ್ಬಿನ ಗುಳ್ಳೆಗಳ ಪೊರೆಯಲ್ಲಿ ಸೇರಿಸಿದರು. ಭಕ್ಷಕ ಕೋಶಗಳು ಈ ಗುಳ್ಳೆಗಳನ್ನೂ ನುಂಗುತ್ತವೆ. ಮದ್ದು ರೋಗಾಣುವಿನ ಬೀಡನ್ನೇ ಸೇರುತ್ತದೆ, ಮೂತ್ರಪಿಂಡಗಳಿಗೆ ತಗಲುವುದು ಕಡಿಮೆ. ದೇಹತೂಕದ ಕಿಲೋಗ್ರಾಮಿಗೆ 10 ಮಿಲಿಗ್ರಾಮಿನಂತೆ ಒಂದೇ ಸಲ ಕೊಟ್ಟರೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ನಮ್ಮ ಭೂಭಾಗಕ್ಕೆ ಸಲಹೆಯಿತ್ತಿತು.

ಇದೇ ಕಾರ್ಯಕ್ಕೆ ಪಾಲಿಮರ್ ಕಣಗಳನ್ನೂ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಲಾಗಿದೆ. ಮಣಿಗಳನ್ನು ಪೋಣಿಸಿದ ಸರದಂತೆ ಸಣ್ಣ ಅಣುಗಳು ಕೂಡಿ ಆದ ಉದ್ದನೆಯ ಅಣುವೇ ಪಾಲಿಮರ್. ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳಿಂದಾದ ಒಂದು ಪಾಲಿಮರ್, ಶರೀರದ ನೀರಿನಂಶದಿಂದ ಮೆಲ್ಲಮೆಲ್ಲನೆ ಕಳಚಿ, ಬಾಯಲ್ಲಿಟ್ಟ ಕಲ್ಲುಸಕ್ಕರೆಯಂತೆ ಕರಗುತ್ತದೆ. ಒಳಗಿನ ಮದ್ದು ಸ್ವಲ್ಪಸ್ವಲ್ಪವಾಗಿ ಹೊರಬರುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ತಾನಾಗಿ ಕರಗುವ ಹೊಲಿಗೆದಾರಗಳೂ ಇದೇ ಬಗೆಯವು.

2023ರಲ್ಲಿ ಬಾಂಗ್ಲಾದೇಶವು ಕಾಲಾ ಅಜಾರನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಪಟ್ಟಿಯಿಂದ ಅಳಿಸಿದ ಮೊದಲ ದೇಶವಾಯಿತು. ನೊಣಗಳ ನಿಯಂತ್ರಣ, ಬೇಗನೆ ರೋಗವನ್ನು ಗುರುತಿಸುವಿಕೆ, ಒಂದೇ ಸಲದ ಔಷಧ—ಈ ಮೂರೂ ಕೂಡಿ ಬಂದುದರ ಫಲವಿದು. ಮದ್ದನ್ನು ಕಂಡುಹಿಡಿಯುವುದೆಷ್ಟು ಮುಖ್ಯವೋ, ಅದನ್ನು ತಲುಪಬೇಕಾದಲ್ಲಿಗೆ ತಲುಪಿಸುವುದೂ ಅಷ್ಟೇ ಮುಖ್ಯವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.